ಇಲ್ಲದ ದನಿ ಕೇಳಿಸುತ್ತಿದೆ ಎಂದು ಮನೆಯವರು ಹೇಳಿದರೆ ಏನು ಮಾಡಬೇಕು?

2020ರ ಮಾರ್ಚ್ 25ರಂದು ಲಾಕ್‌ಡೌನ್ ಶುರುವಾದಾಗ ನನ್ನ ಚಿಕ್ಕಮ್ಮನ ಮಗ ಬೆಂಗಳೂರಿನ ಬಾಡಿಗೆ ರೂಮಿನಲ್ಲಿ ಒಬ್ಬನೇ ಉಳಿದ. ಮೇ ಕೊನೆಗೆ ಊರಿಗೆ ಬಂದವನು ಲ್ಯಾಪ್‌ಟಾಪ್ ಕ್ಯಾಮೆರಾಕ್ಕೆ ಬ್ಯಾಂಡೇಜ್ ಪಟ್ಟಿ ಅಂಟಿಸಿದ್ದ. ಅಮ್ಮ ಬಡಿಸಿದ ಅನ್ನವನ್ನು ಮೂಸಿ ನೋಡಿ ತಟ್ಟೆ ದೂಡುತ್ತಿದ್ದ. ಪಕ್ಕದ ಮನೆಯವರು ರಾತ್ರಿಯೆಲ್ಲ ತನ್ನನ್ನೇ ಬೈಯುತ್ತಾರೆ ಎನ್ನುತ್ತಿದ್ದ. ನಾವು ಒಂದೊಂದಾಗಿ ಎಲ್ಲ ತಪ್ಪನ್ನೂ ಮಾಡಿದೆವು.

ಇದು ಸೈಕೋಸಿಸ್, ಅಂದರೆ ಇಲ್ಲದ್ದು ಕೇಳಿಸುವ, ಇಲ್ಲದ್ದನ್ನು ನಿಜವೆಂದು ನಂಬಿಸುವ ಮಾನಸಿಕ ಸ್ಥಿತಿ. ಹರೆಯದ ಕೊನೆಯಲ್ಲಿ, ಇಪ್ಪತ್ತರ ಆಸುಪಾಸಿನಲ್ಲಿ ಶುರುವಾಗುವುದು ಜಾಸ್ತಿ. ಒಂಟಿತನವೊಂದೇ ಇದನ್ನು ತರುವುದಿಲ್ಲ. ಆದರೆ ನಿದ್ದೆಗೇಡು, ಭಯ, ಗಾಂಜಾ ಜೊತೆಗೂಡಿದರೆ ಮೊದಲೇ ಅಪಾಯ ಇರುವವರನ್ನು ಅದು ಬೀಳಿಸಬಹುದು. ಒಬ್ಬರೇ ಇದ್ದರೆ ಗಮನಿಸುವವರೂ ಇರುವುದಿಲ್ಲ.

ಮೊದಲು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನಿದ್ದೆ, ಊಟ, ಅನುಮಾನ, ಒಬ್ಬರೇ ಮಾತಾಡುವುದು ಎಲ್ಲವನ್ನೂ ತಾರೀಖು ಸಮೇತ. "ಯಾವಾಗಿನಿಂದ?" ಎಂದು ಡಾಕ್ಟರು ಕೇಳಿಯೇ ಕೇಳುತ್ತಾರೆ.

ಆಮೇಲೆ ಮಾತು. ಎಲ್ಲರೂ ಎಡವುವುದು ಇಲ್ಲೇ. "ಸುಮ್ನಿರು, ಎಲ್ಲಾ ನಿನ್ನ ಭ್ರಮೆ" ಎಂದು ಚಿಕ್ಕಪ್ಪ ಗದರಿಸಿದರು. ಅವನು ಬಾಗಿಲು ಹಾಕಿಕೊಂಡ. ಸಮಾಧಾನಕ್ಕೆಂದು "ಹೌದಪ್ಪ, ಅವರು ಕೆಟ್ಟವರೇ" ಎಂದೆ. ಅವನ ಅನುಮಾನ ಇನ್ನೂ ಗಟ್ಟಿಯಾಯಿತು. ಆದ್ದರಿಂದ ವಾದವೂ ಬೇಡ, ಹೂಂಗುಟ್ಟುವುದೂ ಬೇಡ. ಟಿವಿ ಆರಿಸಿ. ಒಬ್ಬರೇ ಹೋಗಿ. ಎದುರಿಗಲ್ಲ, ಪಕ್ಕದಲ್ಲಿ ಕೂರಿ. ಬಾಗಿಲಿಗೆ ಅಡ್ಡ ಕೂರಬೇಡಿ. ಮೆಲ್ಲಗೆ ಹೇಳಿ: "ನಂಗೆ ಕೇಳಿಸ್ತಿಲ್ಲ ಕಣೋ. ಆದ್ರೆ ನಿಂಗೆ ಕೇಳಿಸ್ತಿದೆ, ಹೆದರಿಕೆ ಆಗ್ತಿದೆ ಅಲ್ವಾ?" ಉತ್ತರ ಬರದಿದ್ದರೂ ಅಲ್ಲೇ ಕೂತಿರಿ. ಊಟಕ್ಕೆ ನಾನು ಅದೇ ಪಾತ್ರೆಯಿಂದ ಮೊದಲು ಬಡಿಸಿಕೊಂಡು ತಿಂದೆ, ಸೌಟನ್ನು ಅವನ ಕೈಗೇ ಕೊಟ್ಟೆ. ಅವತ್ತು ಎರಡು ತುತ್ತು ತಿಂದ.

"ತಲೆ ಸರಿಯಿಲ್ಲ, ಆಸ್ಪತ್ರೆಗೆ ನಡಿ" ಎಂದರೆ ಯಾರೂ ಬರುವುದಿಲ್ಲ. "ಮೂರು ರಾತ್ರಿ ಮಲಗಿಲ್ಲ, ನಿದ್ದೆಗೆ ಏನಾದ್ರೂ ಕೇಳೋಣ್ವಾ?" ಎನ್ನಿ. ಅದು ಸುಳ್ಳೂ ಅಲ್ಲ.

ಕಾಫಿಯಲ್ಲಿ ಮಾತ್ರೆ ಕದಡಿ ಕೊಡುವ ಅಡ್ಡದಾರಿ ಖಂಡಿತ ಬೇಡ. ವಿಷ ಹಾಕುತ್ತಿದ್ದಾರೆ ಎಂದು ಹೆದರಿದವನಿಗೆ ಅದು ಗೊತ್ತಾದರೆ ಮುಂದೆ ನಿಮ್ಮ ಕೈಯಿಂದ ನೀರೂ ಕುಡಿಯಲಾರ. ಮೆದುಳಿನ ಟಾನಿಕ್, ನರದ ಪುಡಿ ದುಡ್ಡು ದಂಡ. ಮೆಡಿಕಲ್ ಶಾಪಿನಿಂದ ನೀವೇ ನಿದ್ದೆ ಮಾತ್ರೆ ತರಬೇಡಿ. ಹರಕೆ ಹೊತ್ತಿದ್ದರೆ ತೀರಿಸಿ, ಆದರೆ ಡಾಕ್ಟರನ್ನು ಕಂಡು ಬಂದ ಮೇಲೆ.

ದಾರಿ ತೋಚದಿದ್ದರೆ 14416ಕ್ಕೆ ಕರೆ ಮಾಡಿ. 2022ರಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್ ಇದು. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿರುತ್ತಾರೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಜ್ವರವಿದ್ದು ಇದ್ದಕ್ಕಿದ್ದಂತೆ ಗೊಂದಲವಾದರೆ, ಸಾಯುವ ಅಥವಾ ಹೊಡೆಯುವ ಮಾತು ಬಂದರೆ ಕಾಯಬೇಡಿ, ನೇರ ತುರ್ತು ವಿಭಾಗಕ್ಕೆ ಹೋಗಿ.

ಮಾತ್ರೆ ಶುರುವಾದರೆ ನಿದ್ದೆ ಬೇಗ ಬರುತ್ತದೆ. ದನಿಗಳು ತಗ್ಗಲು ವಾರಗಳು ಹಿಡಿಯಬಹುದು. ಹುಷಾರಾದ ಎಂದು ನೀವೇ ನಿಲ್ಲಿಸಬೇಡಿ. ಕೈ ನಡುಗಿದರೆ, ತೂಕ ಏರಿದರೆ ಡಾಕ್ಟರಿಗೆ ಹೇಳಿ, ಬೇರೆ ಮಾತ್ರೆ ಇರುತ್ತದೆ. ಮುಂದಿನ ಭೇಟಿಗೆ ಹೋಗುವಾಗ ಖಾಲಿಯಾದ ಮಾತ್ರೆ ಶೀಟುಗಳನ್ನೂ ಆ ನೋಟ್‌ಬುಕ್ಕನ್ನೂ ಒಂದೇ ಚೀಲದಲ್ಲಿ ಇಟ್ಟುಕೊಳ್ಳಿ.