ಗೇಮ್ ಪ್ರೋಗ್ರಾಮಿಂಗಲ್ಲಿ ತುಂಬಾ ವರ್ಷ ಉಳಿಯುದು ಹೇಗೆ

ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಮಕ್ಕಳು ಪ್ಲಸ್ ಟು ಮುಗಿಸಿ ಕೇಳ್ತಾರೆ, ಅಣ್ಣ ಯೂನಿಟಿ ಕಲಿಯುದಾ ಅನ್ರಿಯಲ್ ಕಲಿಯುದಾ ಅಂತ. ಎರಡೂ ಗೇಮ್ ಇಂಜಿನ್, ಅಂದ್ರೆ ಗೇಮ್ ಕಟ್ಲಿಕ್ಕೆ ಬೇಕಾದ್ದನ್ನ ಸಿದ್ಧ ಮಾಡಿ ಕೊಡುವ ಸಾಫ್ಟ್‌ವೇರ್. ಯಾವುದಾದ್ರೂ ಒಂದು ಹಿಡೀರಿ, ಆದ್ರೆ ಅದೊಂದನ್ನೇ ನಂಬಿ ಕೂರ್ಬೇಡಿ. ನಾನು ಈ ಕೆಲಸಕ್ಕೆ ಬಂದಾಗ ಕೀಪ್ಯಾಡ್ ಫೋನಿಗೆ ಜಾವಾದಲ್ಲಿ ಗೇಮ್ ಬರೀತಿದ್ವಿ, ಆ ಫೋನುಗಳೇ ಹೋದವು, ಆಮೇಲೆ ಬ್ರೌಸರಲ್ಲಿ ಗೇಮ್ ಓಡಿಸುವ ಫ್ಲ್ಯಾಶ್, ಅದೂ 2020ರ ಡಿಸೆಂಬರ್ 31ಕ್ಕೆ ನಿಂತಿತು, 2023ರಲ್ಲಿ ಯೂನಿಟಿಯವರು ಇನ್‌ಸ್ಟಾಲ್ ಲೆಕ್ಕದಲ್ಲಿ ಫೀಸ್ ಅಂದಾಗ ಎಷ್ಟೋ ಜನ ಗೊಡಾಟ್ ಅನ್ನುವ ಫ್ರೀ ಇಂಜಿನ್ ಕಡೆ ಹೋದ್ರು, ಮರುವರ್ಷ ಆ ಫೀಸೇ ರದ್ದಾಯ್ತು. ಇಷ್ಟರ ನಡುವೆ ಹಾಗೇ ಉಳಿದದ್ದು ಇಂಜಿನಿನ ಅಡಿಯಲ್ಲಿ ಇರುವಂಥದ್ದು: ಗಣಿತ, ಮೆಮೊರಿ, ಟೈಮು.

ಮೊದಲು ಪಾಂಗ್ (ಚೆಂಡನ್ನ ಆಚೆ ಈಚೆ ಹೊಡೆಯುವ ಹಳೇ ಗೇಮ್) ತರದ ಸಣ್ಣ ಗೇಮ್ ಒಂದನ್ನ ಪೂರ್ತಿ ಮುಗಿಸಿ. ಪೂರ್ತಿ ಅಂದ್ರೆ ಮೆನು, ಸೌಂಡು, ಸ್ಕೋರು, ಮಧ್ಯದಲ್ಲಿ ಕಾಲ್ ಬಂದ್ರೆ ನಿಂತು ಮತ್ತೆ ಅಲ್ಲಿಂದಲೇ ಶುರುವಾಗುದು, ಎಲ್ಲ.

ಆಮೇಲೆ ಪ್ಲಸ್ ಟುವಿನ ವೆಕ್ಟರ್ ಪಾಠ ಮತ್ತೆ ತೆಗೀರಿ, ಪರೀಕ್ಷೆ ಮುಗೀತಲ್ಲ ಅಂತ ಪುಸ್ತಕ ಮಾರ್ಬೇಡಿ ಮಾರಾಯ್ರೆ. ಶತ್ರು ನೋಡ್ತಿರುವ ದಿಕ್ಕು ಒಂದು, ಅವನಿಂದ ಪ್ಲೇಯರ್ ಕಡೆಗಿನ ದಿಕ್ಕು ಇನ್ನೊಂದು, ಎರಡರ ಉದ್ದವನ್ನೂ 1 ಮಾಡಿ ಡಾಟ್ ಪ್ರಾಡಕ್ಟ್ ಹಾಕಿ. 0.5ಕ್ಕಿಂತ ಜಾಸ್ತಿ ಬಂದ್ರೆ ಪ್ಲೇಯರ್ ಅವನ ಎದುರಿನ 120 ಡಿಗ್ರಿ ಒಳಗೆ ಇದ್ದಾನೆ, ಸೊನ್ನೆಗಿಂತ ಕಮ್ಮಿ ಅಂದ್ರೆ ಬೆನ್ನ ಹಿಂದೆ. ಯಾವ ಇಂಜಿನಲ್ಲೂ ಇದೇ ಲೆಕ್ಕ.

ಟೈಮಿನ ವಿಷಯಕ್ಕೆ ಜಾಸ್ತಿ ದಿನ ಕೊಡಿ. ಸೆಕೆಂಡಿಗೆ 60 ಫ್ರೇಮ್, ಅಂದ್ರೆ ಸ್ಕ್ರೀನಲ್ಲಿ 60 ಚಿತ್ರ ಬೇಕಾದ್ರೆ ಒಂದು ಫ್ರೇಮಿಗೆ ಸಿಗುದು ಸುಮಾರು 16.6 ಮಿಲಿಸೆಕೆಂಡ್, ಇನ್‌ಪುಟ್, ಫಿಸಿಕ್ಸ್, ಚಿತ್ರ ಬಿಡಿಸುದು ಎಲ್ಲ ಅಷ್ಟರೊಳಗೆ ಮುಗೀಬೇಕು. ಭಾಗವತರ ತಾಳ ಒಂದು ಸಲ ತಪ್ಪಿದ್ರೂ ಸಭೆಗೆ ಗೊತ್ತಾಗುವ ಹಾಗೆ ಒಂದು ಫ್ರೇಮ್ ತಡವಾದ್ರೂ ಆಡುವವನ ಕೈಗೆ ಗೊತ್ತಾಗ್ತದೆ. ಯೂನಿಟಿಯಲ್ಲಿ ಬಳಸುವ ಸಿ ಶಾರ್ಪ್ ಭಾಷೆಯಲ್ಲಿ ಬಂದೂಕಿನಿಂದ ಹಾರುವ ಪ್ರತಿ ಗುಂಡಿಗೂ ಹೊಸ ಆಬ್ಜೆಕ್ಟ್ ಮಾಡ್ತಾ ಹೋದ್ರೆ ಗಾರ್ಬೇಜ್ ಕಲೆಕ್ಟರ್ (ಬೇಡವಾದ ಮೆಮೊರಿ ಗುಡಿಸುವ ಭಾಗ) ಯಾವಾಗಲೋ ಬಂದು ಗೇಮನ್ನ ಒಂದು ಕ್ಷಣ ಹಿಡಿದು ನಿಲ್ಲಿಸ್ತದೆ, ಅದಕ್ಕೆ ಶುರುವಲ್ಲೇ 50 ಗುಂಡು ಮಾಡಿಟ್ಟು ಅದನ್ನೇ ತಿರುಗಿಸಿ ತಿರುಗಿಸಿ ಬಳಸಿ. ಎಲ್ಲಿ ತಡ ಆಗ್ತಾ ಉಂಟು ಅಂತ ಊಹೆ ಮಾಡ್ಬೇಡಿ, ಯಾವುದಕ್ಕೆ ಎಷ್ಟು ಟೈಮ್ ಹೋಗ್ತದೆ ಅಂತ ಅಳೆಯುವ ಪ್ರೊಫೈಲರ್ ಹಾಕಿ ನೋಡಿ, ಅದೂ ಮನೆಯಲ್ಲಿರುವ ಹಳೇ 2 ಜಿಬಿ ಫೋನಲ್ಲಿ.

ಬೇರೆಯವರ ಕೋಡ್ ಓದಿ. ಡೂಮ್ ಅನ್ನುವ ಹಳೇ ಶೂಟಿಂಗ್ ಗೇಮಿನ ಸೋರ್ಸ್ ಕೋಡ್ 1997ರಲ್ಲಿ, ಅದೇ ತರದ ಕ್ವೇಕ್ 3ರದ್ದು 2005ರಲ್ಲಿ ಹೊರಗೆ ಬಂತು, ಎರಡೂ ಈಗಲೂ ಫ್ರೀ ಸಿಗ್ತದೆ.

ಕೆಲಸ ಹೋಗಬಹುದು ಅಂತಲೇ ತಿಳ್ಕೊಂಡಿರಿ. 2023, 24ರಲ್ಲಿ ದೊಡ್ಡ ಸ್ಟುಡಿಯೋಗಳಿಂದಲೇ ಸಾವಿರಗಟ್ಟಲೆ ಜನ ಹೊರಗೆ ಬಂದ್ರು. ಆರು ತಿಂಗಳ ಖರ್ಚು ಬ್ಯಾಂಕಲ್ಲಿ ಇರಲಿ, ಗ್ರಾಫಿಕ್ಸ್ ಅಥವಾ ನೆಟ್‌ವರ್ಕಿಂಗ್ ಒಂದರಲ್ಲಿ ಆಳಕ್ಕೆ ಹೋಗಿ, ಗೇಮಿನ ಹೊರಗೂ ಅದಕ್ಕೆ ಕೆಲಸ ಉಂಟು. ರಿಲೀಸ್ ಹತ್ತಿರ ರಾತ್ರಿ ಕೂರ್ಬೇಕಾಗ್ತದೆ, ಆದ್ರೆ ವರ್ಷ ಇಡೀ ಹಾಗೇ ಕೂರಿಸುವ ಜಾಗ ಬಿಡಿ, ಮಣಿಕಟ್ಟು ಹೋದ್ರೆ ಟೈಪ್ ಮಾಡ್ಲಿಕ್ಕಾಗುದಿಲ್ಲ.

ಇನ್ನೊಂದು, ಕನ್ನಡ ಮೀಡಿಯಂನಲ್ಲಿ ಓದಿದ ನಾವೇ ಮಾಡ್ಬೇಕಾದ್ದು: ಗೇಮಲ್ಲಿ ಕನ್ನಡ ಹಾಕಿ. ಫಾಂಟ್ ಇದ್ರೆ ಸಾಲದು, ಒತ್ತಕ್ಷರ ಕೂಡಿಸುವ ಟೆಕ್ಸ್ಟ್ ಶೇಪಿಂಗ್ ಬೇಕು, 2023ರಲ್ಲಿ ಬಂದ ಗೊಡಾಟ್ 4ರಲ್ಲಿ ಅದು ಮೊದಲೇ ಉಂಟು, ಹಾರ್ಫ್‌ಬಝ್ ಅನ್ನುವ ಲೈಬ್ರರಿ ಮೇಲೆ ನಡೀತದೆ. ಮೆನುವಿನಲ್ಲಿ ಮಂಜೇಶ್ವರ ಅಂತ ಬರೆದು ನೋಡಿ, ವ ಒತ್ತು ಶ ಕೆಳಗೆ ಕೂತ್ರೆ ಸರಿ ಉಂಟು, ಪಕ್ಕದಲ್ಲಿ ಬಿಡಿಯಾಗಿ ನಿಂತ್ರೆ ಶೇಪಿಂಗ್ ನಡೀತಿಲ್ಲ.