ಆಪರೇಷನ್ ಆಗಿ ಎದ್ದ ಮಗು ಕಿರುಚಾಡ್ತಿದ್ರೆ ಏನ್ ಮಾಡ್ಬೇಕು

ಟಾನ್ಸಿಲ್ಸೋ, ಅಡಿನಾಯ್ಡೋ, ಕಣ್ಣಿನ ಆಪರೇಷನ್ನೋ ಮುಗಿಸ್ಕೊಂಡು ರಿಕವರಿ ರೂಮಿಗೆ ಬಂದ ಮಗು, ಅದ್ರಲ್ಲೂ 2ರಿಂದ 5 ವರ್ಷದ್ದು, ಕಣ್ಣು ಬಿಡ್ತಿದ್ದಂಗೇ ಬೆನ್ನು ಬಿಲ್ಲಿನ ಥರ ಬಗ್ಗಿಸ್ಕೊಂಡು ಒದೀತಾ, ಡ್ರಿಪ್ ಕಿತ್ಕೊಳ್ಳೋಕೆ ಹೋಗ್ತಾ, ಅಮ್ಮ ಪಕ್ಕದಲ್ಲೇ ಇದ್ರೂ ‘ಅಮ್ಮಾ ಬೇಕು’ ಅಂತ ಅರಚ್ತಾ ಇದ್ರೆ ಅದಕ್ಕೆ ಎಮರ್ಜೆನ್ಸ್ ಡೆಲಿರಿಯಂ, ಅಂದ್ರೆ ಅನಸ್ತೇಶಿಯಾದಿಂದ ಏಳೋವಾಗ ಆಗೋ ಗೊಂದಲ, ಅಂತಾರೆ. ನಿದ್ದೆ ಬರ್ಸೋಕೆ ಮಾಸ್ಕಲ್ಲಿ ಕೊಡೋ ಸೆವೋಫ್ಲುರೇನ್ ಅನ್ನೋ ಗ್ಯಾಸ್ ಆದ್ಮೇಲೆ ಇದು ಜಾಸ್ತಿ. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ತಾನಾಗೇ ಇಳಿಯುತ್ತೆ.

ಅರ್ಧ ಕೆಲಸ ಆಪರೇಷನ್‌ಗೆ ಮುಂಚೇನೇ ಇರೋದು. ಹಿಂದೆ ಹೀಗಾಗಿದ್ರೆ ಅನಸ್ತೇಶಿಯಾ ಡಾಕ್ಟ್ರಿಗೆ ಹೇಳಿ, ಅವ್ರು ಗ್ಯಾಸ್ ಬದ್ಲು ಪ್ರೊಪೊಫಾಲ್ ಅನ್ನೋ ಔಷಧಿ ಡ್ರಿಪ್ಪಲ್ಲೇ ಕೊಟ್ಟು ನಿದ್ದೆ ಮಾಡಿಸ್ಬಹುದು, ಇಲ್ಲಾ ಮಗುನ ಶಾಂತವಾಗಿಡೋ ಡೆಕ್ಸ್‌ಮೆಡೆಟೊಮಿಡಿನ್ ಔಷಧಿ ಕೊಡ್ಬಹುದು. ನೋವಿಗೆ ಏನು ಕೊಡ್ತೀರಾ ಅಂತ್ಲೂ ಕೇಳಿ. ಉಪವಾಸ ಅಂತ ರಾತ್ರಿಯಿಂದ್ಲೇ ನೀರೂ ಕೊಡದೆ ಕೂರಿಸ್ಬೇಡಿ, ಸಾಮಾನ್ಯ ಲೆಕ್ಕ ಊಟಕ್ಕೆ 6 ಗಂಟೆ, ಎದೆಹಾಲಿಗೆ 4, ನೀರಿಗೆ 2, ಆದ್ರೂ ನಿಮ್ ಡಾಕ್ಟ್ರು ಹೇಳಿದ ಟೈಮೇ ಫೈನಲ್. ಮಗೂಗೆ ‘ಪಾರ್ಕಿಗೆ ಹೋಗ್ತಿದೀವಿ’ ಅಂತ ಸುಳ್ಳು ಬೇಡ. ‘ಮಾಸ್ಕ್ ಇಡ್ತಾರೆ, ನಿದ್ದೆ ಬರುತ್ತೆ, ಎದ್ದಾಗ ಗಂಟಲು ನೋಯುತ್ತೆ, ನಾನು ಬರ್ತೀನಿ ಪುಟ್ಟಾ’ ಅಷ್ಟು ಸಾಕು. ಹೆದರ್ಕೊಂಡು ಅಳ್ತಾ ಒಳಗೆ ಹೋದ ಮಗು ಎದ್ದಾಗ್ಲೂ ರಂಪ ಮಾಡೋ ಚಾನ್ಸ್ ಜಾಸ್ತಿ, ಅದಕ್ಕೇ ಓಟಿ ಬಾಗ್ಲ ತನಕ ಮೊಬೈಲಲ್ಲಿ ಕಾರ್ಟೂನ್ ತೋರ್ಸಿದ್ರೆ ಯಾರೂ ಬೈಯಲ್ಲ.

ಎದ್ದಾಗ ಮುಖ್ಯವಾಗಿ ಮಗು ಕಣ್ಣು ನೋಡಿ. ನೋವಿಗೆ ಅಳೋ ಮಗು ಸಾಮಾನ್ಯವಾಗಿ ನಿಮ್ಮನ್ನ ನೋಡುತ್ತೆ, ನೋಯ್ತಿರೋ ಕಡೆ ಕೈ ಇಡುತ್ತೆ, ಎತ್ಕೊಂಡ್ರೆ ಸ್ವಲ್ಪ ಸಮಾಧಾನ ಆಗುತ್ತೆ. ಡೆಲಿರಿಯಂ ಇರೋ ಮಗು ನಿಮ್ಮನ್ನ ನೋಡ್ದಂಗೇ ಇರುತ್ತೆ, ಗುರುತೇ ಸಿಗಲ್ಲ. ಎರಡೂ ಒಟ್ಟಿಗೇ ಇರಬಹುದು, ಹಾಗಾಗಿ ಆಕ್ಸಿಜನ್, ನೋವು, ಮೂತ್ರ ಕಟ್ಟಿದ್ಯಾ, ಶುಗರ್ ಇಳಿದಿದ್ಯಾ ಅಂತ ನರ್ಸ್ ಮೊದ್ಲು ನೋಡ್ಬೇಕು, ‘ಮಕ್ಕಳು ಅಳ್ತಾವೆ ಬಿಡಿ’ ಅಂದ್ರೆ ಒಪ್ಕೋಬೇಡಿ.

ಆಗ ಒಬ್ರೇ ಮಾತಾಡಿ, ಮೆಲ್ಲಗೆ, ಒಂದೇ ಮಾತು. ಅಜ್ಜಿ, ಚಿಕ್ಕಪ್ಪ, ಅತ್ತೆ ಎಲ್ಲಾ ಸುತ್ಕೊಂಡು ‘ಕಂದಾ ಇಲ್ಲಿ ನೋಡು’ ಅಂದ್ರೆ ಇನ್ನೂ ಕೆಡುತ್ತೆ. ದೃಷ್ಟಿ ತೆಗೆಯೋದು ಮನೇಲಿ ಮಾಡ್ಕೊಳ್ಳಿ. ಅಲುಗಾಡ್ಸಿ ಎಚ್ಚರ ಮಾಡೋದು, ಬುದ್ಧಿ ಹೇಳೋದು, ಬಾಯಿಗೆ ಹಾಲು ಹಾಕೋದು ಬೇಡ. ಲೈಟ್ ಕಮ್ಮಿ ಮಾಡಕ್ಕಾಗುತ್ತಾ ಕೇಳಿ, ಮಂಚದ ಕಂಬಿ ಮೇಲೆತ್ತಿಸಿ, ಡ್ರಿಪ್ ಇರೋ ಕೈ ಮಾತ್ರ ಹುಷಾರಾಗಿ ಹಿಡ್ಕೊಳ್ಳಿ, ಇಡೀ ಮಗುನ ಅದುಮಿ ಹಿಡೀಬೇಡಿ. ಹತೋಟಿ ತಪ್ತಿದೆ ಅನ್ಸಿದ್ರೆ ಡಾಕ್ಟ್ರು ಸ್ವಲ್ಪ ಔಷಧಿ ಕೊಟ್ಟು ಮತ್ತೆ ಮಲಗಿಸ್ತಾರೆ, ಎರಡನೇ ಸಲ ಎಷ್ಟೋ ಮಕ್ಕಳು ಶಾಂತವಾಗೇ ಏಳ್ತಾರೆ.

ಮನೆಗೆ ಬಂದ್ಮೇಲೆ ಕೆಲವು ದಿನ ರಾತ್ರಿ ಬೆಚ್ಚಿ ಬೀಳೋದು, ಹಾಸಿಗೆ ಒದ್ದೆ ಮಾಡೋದು, ಸೊಂಟ ಬಿಟ್ಟು ಇಳೀದೇ ಇರೋದು ಇದ್ದಿದ್ದೇ, ಬೈಬೇಡಿ. ಆದ್ರೆ ಎಬ್ಬಿಸಿದ್ರೂ ಏಳ್ದಿದ್ರೆ, ಉಸಿರಾಟ ಸರಿ ಇಲ್ಲ ಅನ್ಸಿದ್ರೆ, ಟಾನ್ಸಿಲ್ಸ್ ಆಪರೇಷನ್ ಆದ ಮಗು ಪದೇ ಪದೇ ನುಂಗ್ತಾ ಇದ್ರೆ ಇಲ್ಲಾ ರಕ್ತ ವಾಂತಿ ಮಾಡಿದ್ರೆ ಬೆಳಗಾಗ್ಲಿ ಅಂತ ಕಾಯ್ದೆ ಆಸ್ಪತ್ರೆಗೆ ಓಡಿ.