ಹೆಣ್ಣೊಪ್ಪಿಸುವ ಹೊತ್ತಿಗೆ ಯಾವ ಹಾಡು?

ಚಿಂತಾಮಣಿ, ಶಿಡ್ಲಘಟ್ಟ ಕಡೆಯ ಛತ್ರಗಳಲ್ಲಿ ಮೈಕ್‌ಸೆಟ್ ನೋಡಿಕೊಳ್ಳುವ ನನಗೆ ಮುಹೂರ್ತದ ಹೊತ್ತು ಕಷ್ಟವಲ್ಲ. ಓಲಗದವರು ಇರುತ್ತಾರೆ, ನಾನು ಸುಮ್ಮನಿದ್ದರೆ ಸಾಕು. ತಲೆಬಿಸಿ ಶುರುವಾಗುವುದು ಊಟ ಮುಗಿದ ಮೇಲೆ, ಹೆಣ್ಣೊಪ್ಪಿಸುವ ಅರ್ಧ ಗಂಟೆಯಲ್ಲಿ. ಗಂಡಿನ ಕಡೆಗೆ ಅದು ಸಡಗರ, ಹೆಣ್ಣಿನ ತಾಯಿಗೆ ಕರುಳು ಹಿಂಡುವ ಹೊತ್ತು, ಮದುಮಗಳಿಗೆ ಎರಡೂ. ಬಾಕ್ಸಿನಿಂದ ಹೋಗುವ ಹಾಡು ಮಾತ್ರ ಒಂದೇ.

ಇಲ್ಲಿ ಅಳುವ ಹಾಡು ಹಾಕಬಾರದು. ಅಳು ತಾನಾಗಿ ಬರುತ್ತದೆ, ಅದಕ್ಕೆ ನಮ್ಮ ನೆರವು ಬೇಕಿಲ್ಲ. ನಾನು ಮೊದಲು ನೋಡುವುದು ರಾಗ. ಮೋಹನದಲ್ಲಿ ಅಂತರ ಗಾಂಧಾರ, ಅಂದರೆ ಮೇಲಿನ 'ಗ'. ಶಿವರಂಜನಿಯಲ್ಲಿ ಸಾಧಾರಣ ಗಾಂಧಾರ, ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ 'ಗ'. ಉಳಿದ ನಾಲ್ಕು ಸ್ವರ ಅವೇ. ಆ ಒಂದು ಗಾಂಧಾರ ಇಳಿದದ್ದಕ್ಕೇ ಹಬ್ಬದ ಮನೆ ಬಿಕೋ ಎನ್ನುತ್ತದೆ. ಇವೆರಡರ ನಡುವೆ ಬೇಕೆಂದರೆ ಚಾರುಕೇಶಿ. 26ನೇ ಮೇಳಕರ್ತ (ಏಳೂ ಸ್ವರವಿರುವ ಮೂಲ ರಾಗ), ಕೆಳಗಿನರ್ಧ ಶಂಕರಾಭರಣದ್ದು, ಮೇಲಿನರ್ಧ ತೋಡಿಯದು. ಪಂಚಮ, ಅಂದರೆ 'ಪ' ದಾಟುವವರೆಗೆ ನಗುಮುಖ, ದಾಟಿದರೆ ಗಂಟಲು ಕಟ್ಟುತ್ತದೆ. ಈ ಹೊತ್ತಿಗೆ ಹೇಳಿ ಮಾಡಿಸಿದ ಹಾಗಿದೆ.

ನಡೆ ನಿಮಿಷಕ್ಕೆ 70ರಿಂದ 80 ತಟ್ಟು ಇರಲಿ. 60ಕ್ಕಿಂತ ಇಳಿದರೆ ಮಂಕು ಕವಿಯುತ್ತದೆ, 100 ದಾಟಿದರೆ ಗಂಡಿನ ಕಡೆ ಹುಡುಗರು ಕುಣಿಯಲು ಎದ್ದುಬಿಡುತ್ತಾರೆ.

ಪಲ್ಲವಿ ನಂಬಬೇಡಿ, ಚರಣ ಕೇಳಿ. ತವರಿನ ಹಾಡೆಂದು ಹಾಕಿದ್ದು ಎರಡನೇ ಚರಣದಲ್ಲಿ ಅತ್ತೆಯ ಕಾಟಕ್ಕೋ ಸಾವಿಗೋ ತಿರುಗುವುದುಂಟು, ಬೀಗರು ಎದುರಿಗೇ ಕೂತಿರುವಾಗ! ನಮ್ಮ ಕಡೆ ತೆಲುಗು ಮನೆಮಾತಿನವರೂ ಬಹಳ. ತೆಲುಗು ಹಾಡಾದರೆ ಅರ್ಥ ಬಲ್ಲವರಿಗೆ ಪೂರ್ತಿ ಕೇಳಿಸಿಯೇ ಪಟ್ಟಿಗೆ ಸೇರಿಸಿ.

ಆರು ಹಾಡು ಸಾಕು. ಮಡಿಲಕ್ಕಿ ಕಟ್ಟುವಾಗ ಮೋಹನದ ಎರಡು, ಮಾತಿದ್ದರೂ ಪರವಾಗಿಲ್ಲ. ಕೈ ಹಿಡಿಸಿ ಒಪ್ಪಿಸುವಾಗ ಚಾರುಕೇಶಿಯ ಎರಡು, ವೀಣೆ ಅಥವಾ ಕೊಳಲು ಮಾತ್ರ. ತಾಯಿ ಅತ್ತೆಗೆ ಹೇಳುವ ಎರಡು ಮಾತು ಯಾವ ಗಾಯಕಿಯ ದನಿಯಲ್ಲೂ ಮುಳುಗಬಾರದು. ಆರಡಿ ದೂರದಲ್ಲಿ ಮೆಲ್ಲಗೆ ಆಡಿದ್ದು ಕೇಳುವಷ್ಟಕ್ಕೆ ವಾಲ್ಯೂಮ್ ಇಳಿಸಿ. ಕಾರಿನತ್ತ ಹೊರಟಾಗ ಮತ್ತೆ ಮೋಹನ, ಸ್ವಲ್ಪ ಚುರುಕಿನದು. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಐದು ಸೆಕೆಂಡು ಎರಡೂ ಸಣ್ಣಗೆ ಬೆರೆಯಲಿ. ಶ್ರುತಿ ಬೇರೆಯಾದರೆ ಮಾತ್ರ ಬೆರೆಸದೆ ಪೂರ್ತಿ ಇಳಿಸಿ, ಒಂದು ಉಸಿರು ಬಿಟ್ಟು ಶುರು ಮಾಡಿ.

ಕೆಡುವುದು ಹೆಚ್ಚಾಗಿ ಫೋನಿನಿಂದ. ಹಾಡು ಮೊದಲೇ ಇಳಿಸಿಕೊಂಡು ಫ್ಲೈಟ್ ಮೋಡ್ ಹಾಕಿ, ಇಲ್ಲದಿದ್ದರೆ ನಡುವೆ ರಿಂಗ್‌ಟೋನ್. ಆಟೋಪ್ಲೇ ತೆಗೆಯದಿದ್ದರೆ ಹಿಂದಿನ ರಾತ್ರಿ ರಿಸೆಪ್ಷನ್‌ನ ಡಪ್ಪಾಂಗುತ್ತು ನುಗ್ಗುತ್ತದೆ. ಹಳೆಯ ರೆಕಾರ್ಡಿಂಗು ಸಣ್ಣಗೆ, ಹೊಸದು ಜೋರು. ಆರನ್ನೂ ಹಿಂದಿನ ದಿನವೇ ಕೇಳಿ ಮಟ್ಟ ಬರೆದಿಟ್ಟುಕೊಳ್ಳಿ. ಬಾಗಿಲ ಬಳಿಯ ಬಾಕ್ಸನ್ನು ಕಾರಿನ ಕಡೆ ತಿರುಗಿಸಬೇಡಿ, ಹಾರ್ನ್ ಜೊತೆ ಪೈಪೋಟಿಗೆ ಬೀಳುತ್ತದೆ.

ಕಾರು ಗೇಟು ದಾಟಿದ ತಕ್ಷಣ ಸ್ವಿಚ್ ಆರಿಸಬೇಡಿ. ಹೆಣ್ಣಿನ ಮನೆಯವರು ಇನ್ನೂ ಅಲ್ಲೇ ನಿಂತಿರುತ್ತಾರೆ. ಅವರು ಒಳಗೆ ಬಂದು ಪಾತ್ರೆ ಲೆಕ್ಕಕ್ಕೆ ಕೂರುವ ತನಕ ಕೊಳಲು ಸಣ್ಣಗೆ ಇರಲಿ, ವೈರು ಆಮೇಲೆ ಸುತ್ತಿ.